ಒಂದು ಸೋಂಕಿಗೆ ಇಡೀ ಶಾಲೆ ಮುಚ್ಚದಿರಲಿ

ಮಾನ್ಯ ಸಂಪಾದಕರಿಗೆ,

ಕೊರೊನಾ ಸೋಂಕಿನಿಂದಾಗಿ ಮುಚ್ಚಿದ್ದ ಶಾಲೆಯನ್ನು ಇದೇ 2021ರ ಅಕ್ಟೋಬರ್ 25ರಿಂದ ಒಂದರಿಂದ ಐದನೇ ತರಗತಿಯ ಮಕ್ಕಳಿಗೂ ಶುರು ಮಾಡಲು ಸರ್ಕಾರ ನಿರ್ಧರಿಸಿದೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನನಗೆ ಇದಕ್ಕಿಂತ ಸಂತೋಷದ ಸುದ್ದಿ ಈ ವರ್ಷ ಬಂದಿಲ್ಲ. ಒಂಬತ್ತರಿಂದ ಹನ್ನೆರಡನೇ ತರಗತಿಯವರು ಆಗಸ್ಟ್ 23ಕ್ಕೆ ಬಂದರು, ಆರರಿಂದ ಎಂಟನೆಯವರು ಸೆಪ್ಟೆಂಬರ್ 6ಕ್ಕೆ. ಸಣ್ಣವರ ಸರದಿ ಬರಲು ಅಕ್ಟೋಬರ್ ಕೊನೆಯಾಯಿತು. ಶಾಲೆ ತೆರೆಯುವುದಾದರೆ ಪ್ರಾಥಮಿಕದಿಂದಲೇ ಶುರು ಮಾಡುವುದು ಒಳ್ಳೆಯದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥ ಬಲರಾಮ್ ಭಾರ್ಗವ ಅವರು ಜುಲೈನಲ್ಲೇ ಹೇಳಿದ್ದರು. ಜೂನ್‌–ಜುಲೈನ ರಾಷ್ಟ್ರೀಯ ಸೀರೊ ಸಮೀಕ್ಷೆಯಲ್ಲಿ (ಸೋಂಕು ತಗುಲಿದ್ದರ ಗುರುತನ್ನು ರಕ್ತದಲ್ಲಿ ಹುಡುಕುವ ಸಮೀಕ್ಷೆ) ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಯಲ್ಲಿ ಪ್ರತಿಕಾಯ ಕಂಡುಬಂದಿತ್ತು. ಅಂದರೆ ಮನೆಯಲ್ಲೇ ಉಳಿದ ಮಕ್ಕಳನ್ನೂ ಸೋಂಕು ಬಿಟ್ಟಿಲ್ಲ. ಕೈತಪ್ಪಿದ್ದು ಪಾಠ ಮಾತ್ರ.

ಈಗ ಎರಡನೇ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಕ್ಕಳು ಒಂದು ದಿನವೂ ತರಗತಿಯೊಳಗೆ ಕೂತಿಲ್ಲ. ಮೂರನೆಯವರು 2020ರ ಮಾರ್ಚ್‌ನಲ್ಲಿ ಒಂದನೇ ತರಗತಿಯ ಕಲಿಕೆಯ ಏಣಿಯಲ್ಲಿ ಅರ್ಧಕ್ಕೇ ನಿಂತವರು. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ–ಕಲಿಯ ಕೊಠಡಿ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ‘ತಟ್ಟೆ’ ಎನ್ನುವ ಗುಂಪುಗಳಾಗಿ ಕೂರುತ್ತಾರೆ, ಪಾಠಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ಹುಡುಕಿಕೊಂಡು ಅದರ ಕಾರ್ಡ್ ಎತ್ತಿಕೊಳ್ಳುತ್ತಾರೆ, ಗೊತ್ತಿಲ್ಲದ್ದನ್ನು ಪಕ್ಕದವರಿಂದ ಕಲಿಯುತ್ತಾರೆ. ಮೊಬೈಲ್‌ನಲ್ಲಿ ಇದು ಆಗುವ ಕೆಲಸವಲ್ಲ. ಚಂದನದ ಪಾಠಗಳು ಒಂದಿಷ್ಟು ನೆರವಾದವು ನಿಜ, ಆದರೆ ಟಿ.ವಿ.ಗೆ ಪ್ರಶ್ನೆ ಕೇಳಲಾಗದು. ನಮ್ಮ ಕಡೆ ಮನೆಗೊಂದೇ ಫೋನು, ಅದು ಬೆಳಿಗ್ಗೆಯೇ ಅಪ್ಪನ ಜೊತೆ ಹೊಲಕ್ಕೋ ಪೇಟೆಗೋ ಹೋಗಿರುತ್ತದೆ.

ಕಳೆದ ತಿಂಗಳು ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಮನೆಗೆ ಹೋಗಿ ಪಾಟಿ ಕೊಟ್ಟು ‘ಅಕ್ಕ’, ‘ಹಳ್ಳ’, ‘ಬೆಲ್ಲ’ ಬರೆಯಲು ಹೇಳಿದೆ. ಮೂರಕ್ಕೂ ಒತ್ತಕ್ಷರ ಬಿಟ್ಟು ಬರೆದಳು. ಬಾಯಲ್ಲಿ ಸರಿಯಾಗಿ ಹೇಳುತ್ತಾಳೆ, ಕೈಗೆ ಮರೆತುಹೋಗಿದೆ. ಮರೆತವಳು ಅವಳೊಬ್ಬಳೇ ಅಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರಿಶೀಲಿಸಿ ಈ ವರ್ಷದ ಆರಂಭದಲ್ಲಿ ವರದಿ ಕೊಟ್ಟಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಕಳೆದುಕೊಂಡವರು ಶೇ 92, ಗಣಿತದಲ್ಲಿ ಶೇ 82. ಅದಾದ ಮೇಲೆ ಎರಡನೇ ಅಲೆ ಬಂತು.

ನಾನು ಈ ಪತ್ರ ಬರೆಯಲು ಕಾರಣ ಆ ಹುಡುಗಿಯ ತಾಯಿ ಕೇಳಿದ ಮಾತು: ‘ಅಕ್ಕೋರ, ಸಾಲಿ ಚಾಲೂ ಆದ ಮ್ಯಾಲ ಮತ್ತ ಬಂದ್ ಮಾಡಂಗಿಲ್ಲ ಹೌದಿಲ್ರೀ?’ ನಮ್ಮ ಜಿಲ್ಲೆಯಲ್ಲಿ ಹತ್ತಿ ಬೀಜೋತ್ಪಾದನೆಯ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಹೂವಿಗೆ ಕೈಯಿಂದ ಪರಾಗ ಹಚ್ಚುವುದಕ್ಕೆ, ಎಳೆಯ ಹುಡುಗಿಯರ ಕೈ ಬೇಕು ಎನ್ನುವವರಿದ್ದಾರೆ. ಶಾಲೆ ಇದ್ದರೆ ಆ ತಾಯಿ ‘ಇಲ್ಲ’ ಎನ್ನಬಲ್ಲಳು. ಶಾಲೆ ಹದಿನೈದು ದಿನಕ್ಕೆ ನಿಂತರೆ ಮಗಳು ಹೊಲಕ್ಕೆ ಹೋಗುತ್ತಾಳೆ, ಆಮೇಲೆ ಮರಳಿ ಬರುತ್ತಾಳೆಂಬ ಖಾತರಿ ಯಾರಿಗೂ ಇಲ್ಲ.

ಆ ತಾಯಿಯ ಅನುಮಾನಕ್ಕೆ ಆಧಾರವಿದೆ. ಕಳೆದ ವರ್ಷ ಆಗಸ್ಟ್‌ನಲ್ಲಿ ಊರಲ್ಲೇ ಮಕ್ಕಳನ್ನು ಸೇರಿಸಿ ಪಾಠ ಹೇಳುವ ವಿದ್ಯಾಗಮ ಯೋಜನೆ ಬಂತು. ಗುಡಿಯ ಅಂಗಳ, ಅರಳಿಕಟ್ಟೆ, ಸಮುದಾಯ ಭವನ, ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ಪಾಠ ಮಾಡಿದೆವು. ಕೆಲವೆಡೆ ಸೋಂಕು ಕಂಡಾಗ ಅಕ್ಟೋಬರ್‌ನಲ್ಲಿ ಇಡೀ ರಾಜ್ಯದಲ್ಲಿ ಅದನ್ನು ನಿಲ್ಲಿಸಲಾಯಿತು. ಸೋಂಕೇ ಇಲ್ಲದ ಊರುಗಳ ಕಟ್ಟೆಗಳೂ ಬರಿದಾದವು. ಈ ಸಲ ಹಾಗಾಗಬಾರದು. ಲಕ್ಷಾಂತರ ಮಕ್ಕಳು ಶಾಲೆಗೆ ಬಂದಾಗ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಸೋಂಕು ಕಂಡೇ ಕಾಣುತ್ತದೆ. ಆ ದಿನ ಏನು ಮಾಡಬೇಕೆಂಬುದನ್ನು ಇವತ್ತೇ ಬರೆದಿಡಬೇಕು. ಸೋಂಕು ಕಂಡ ಕೊಠಡಿಯ ಮಕ್ಕಳನ್ನೂ ಶಿಕ್ಷಕರನ್ನೂ ಪರೀಕ್ಷಿಸಲಿ, ಆ ಗುಂಪು ಮಾತ್ರ ಕೆಲವು ದಿನ ಮನೆಯಲ್ಲಿರಲಿ, ಉಳಿದ ಕೊಠಡಿಗಳಲ್ಲಿ ಪಾಠ ನಡೆಯಲಿ. ಇದು ಸಾಧ್ಯವಾಗಬೇಕಾದರೆ ಗುಂಪುಗಳು ಬೆರೆಯಬಾರದು: ಆಟಕ್ಕೆ, ಊಟಕ್ಕೆ, ನೀರಿಗೆ ಬೇರೆ ಬೇರೆ ಹೊತ್ತು ಗೊತ್ತು ಮಾಡಬೇಕು. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ತಾಲ್ಲೂಕಿನ ಬಾಲ ಸ್ವಾಸ್ಥ್ಯ ತಂಡ ಶಾಲೆಗಳಿಗೆ ಹೇಗೂ ಬರುತ್ತದೆ, ಪರೀಕ್ಷೆಯ ಹೊಣೆ ಅವರಿಗೆ ವಹಿಸಬಹುದು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಮಲಗಿದರೆ ಅರ್ಧ ಶಾಲೆ ನಿಂತಂತೆಯೇ. ಅಂಥ ಕಡೆಗೆ ಅತಿಥಿ ಶಿಕ್ಷಕರನ್ನು ಈಗಲೇ ಗುರುತಿಸಿಡಬೇಕು.

ಎರಡು ಡೋಸ್ ಲಸಿಕೆ ಪಡೆದ ಶಿಕ್ಷಕರೇ ತರಗತಿಗೆ ಹೋಗಬೇಕು, ಪೋಷಕರ ಒಪ್ಪಿಗೆ ಪತ್ರ ಬೇಕು ಎಂಬ ನಿಯಮಗಳು ಸರಿಯಾಗಿವೆ. ಅಡುಗೆ ಮಾಡುವ ತಾಯಂದಿರಿಗೂ, ಮನೆಯಲ್ಲಿರುವ ಅಜ್ಜ–ಅಜ್ಜಿಯರಿಗೂ ಎರಡನೇ ಡೋಸ್ ಮುಗಿದಿದೆಯೇ ಎಂದು ಆಶಾ ಕಾರ್ಯಕರ್ತೆಯರು ಒಮ್ಮೆ ಮನೆಮನೆ ನೋಡಿಬಂದರೆ ಇನ್ನೂ ಒಳ್ಳೆಯದು. ಆದರೆ ಹಣ ಎಲ್ಲಿ ಖರ್ಚಾಗುತ್ತಿದೆ ಎಂಬುದು ನನಗೆ ಚಿಂತೆ ತಂದಿದೆ. ಬೆಂಚು, ಗೋಡೆ, ಅಂಗಳಕ್ಕೆಲ್ಲ ಔಷಧಿ ಸಿಂಪಡಿಸುತ್ತಿದ್ದೇವೆ. ಮುಟ್ಟಿದ ವಸ್ತುವಿನಿಂದ ಸೋಂಕು ಹರಡುವ ಸಾಧ್ಯತೆ ತೀರಾ ಕಡಿಮೆ, ಮುಚ್ಚಿದ ಕೋಣೆಯ ಗಾಳಿಯಲ್ಲೇ ಅಪಾಯ ಹೆಚ್ಚು ಎಂಬುದು ಈಗ ತಿಳಿದ ವಿಷಯ. ನಾನು ಕಂಡ ಹಲವು ಸರ್ಕಾರಿ ಶಾಲೆಗಳಲ್ಲಿ ಕಿಟಕಿಯ ಬಾಗಿಲು ಊದಿಕೊಂಡು ಸಿಕ್ಕಿಹಾಕಿಕೊಂಡಿವೆ, ಕೆಲವಕ್ಕೆ ಮಂಗನ ಕಾಟಕ್ಕೆಂದು ತಗಡು ಹೊಡೆದಿದ್ದಾರೆ, ಒಂದು ಕಡೆ ಅಕ್ಕಿ ಮೂಟೆ ಕಿಟಕಿಯೆತ್ತರಕ್ಕೆ ಪೇರಿಸಿಟ್ಟಿದ್ದಾರೆ. ಊರಿನ ಬಡಗಿಯನ್ನು ಕರೆಸಿ ಕಿಟಕಿ ಬಿಡಿಸಿ, ತಗಡಿನ ಬದಲು ಜಾಲರಿ ಹಾಕಿಸಿದರೆ ಗಾಳಿ ಆಡುತ್ತದೆ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮತ್ತು ಗ್ರಾಮ ಪಂಚಾಯಿತಿಗೆ ಇದು ದೊಡ್ಡ ಖರ್ಚಲ್ಲ. ಮಳೆಯಿಲ್ಲದ ದಿನ ಅಂಗಳವೇ ತರಗತಿಯಾಗಲಿ. ಸಣ್ಣ ಮಕ್ಕಳಿಗೆ ಅಲ್ಪಪ್ರಾಣ, ಮಹಾಪ್ರಾಣ ಕಲಿಸುವಾಗ ನನ್ನ ತುಟಿ ಅವರಿಗೆ ಕಾಣಬೇಕು. ಮಾಸ್ಕ್ ಹಾಕಿಕೊಂಡು ‘ಪ’, ‘ಫ’ ಹೇಳಿದರೆ ಅವರಿಗೆ ಎರಡೂ ಒಂದೇ. ಬಯಲಲ್ಲಿ, ದೂರ ನಿಂತು, ಆ ಒಂದಿಷ್ಟು ಹೊತ್ತು ಮಾಸ್ಕ್ ತೆಗೆಯಲು ಶಿಕ್ಷಕರಿಗೆ ಅನುಮತಿ ಕೊಡಬೇಕು.

ಬಿಸಿಯೂಟವನ್ನು ಆಮೇಲೆ ನೋಡೋಣ ಎನ್ನಬಾರದು. ಶಾಲೆ ಮುಚ್ಚಿದ್ದಾಗ ಕೊಟ್ಟ ಅಕ್ಕಿ, ಬೇಳೆ ಮನೆಯವರೆಲ್ಲರ ಪಾಲಾಯಿತು, ಅದು ಸಹಜ. ಬಿಸಿ ಅನ್ನ, ಸಾರು, ಹಾಲು ಮಗುವಿನ ಹೊಟ್ಟೆಗೇ ಸೇರಬೇಕಾದರೆ ಅದು ಶಾಲೆಯಲ್ಲೇ ಆಗಬೇಕು. ಊಟದ ಹೊತ್ತಲ್ಲಿ ಮಾಸ್ಕ್ ಇರುವುದಿಲ್ಲ ಎಂಬ ಆತಂಕಕ್ಕೆ ಉತ್ತರ ಮರದ ನೆರಳಿನಲ್ಲಿದೆ: ಗುಂಪಿಗೊಂದು ಪಾಳಿಯಂತೆ ಹೊರಗೆ ಕೂರಿಸಿ ಬಡಿಸೋಣ.

ಇನ್ನು ಪಠ್ಯ ಮುಗಿಸುವ ಅವಸರ. ಇಷ್ಟರೊಳಗೆ ಇಷ್ಟು ಪಾಠ ಮುಗಿದಿದೆಯೇ ಎಂಬ ನಮೂನೆ ದಯವಿಟ್ಟು ಈ ವರ್ಷ ಕಳುಹಿಸಬೇಡಿ. ಮಗುವಿನ ವಯಸ್ಸಿಗಿಂತ ಅದು ನಿಂತಿರುವ ಮೆಟ್ಟಿಲು ಮುಖ್ಯ ಎಂಬುದು ನಲಿ–ಕಲಿಯ ಮೂಲ ಪದ್ಧತಿಯೇ. ಅದನ್ನು ಐದನೇ ತರಗತಿಯವರೆಗೂ ಈ ವರ್ಷದ ಮಟ್ಟಿಗೆ ಪಾಲಿಸಲು ಬಿಡಿ.

ಶಿಕ್ಷಣ ಇಲಾಖೆಯ ಉಪನಿರ್ದೇಶಕರೂ ಕ್ಷೇತ್ರ ಶಿಕ್ಷಣಾಧಿಕಾರಿಗಳೂ 25ರೊಳಗೆ ಪ್ರತಿ ಮುಖ್ಯ ಶಿಕ್ಷಕರಿಗೆ ಒಂದು ಲಿಖಿತ ಸೂಚನೆ ಕೊಡಲಿ ಎಂದು ಕೋರುತ್ತೇನೆ. ಸೋಂಕು ಕಂಡರೆ ಯಾವ ಕೊಠಡಿ, ಎಷ್ಟು ದಿನ, ಪರೀಕ್ಷೆ ಯಾರಿಂದ, ಮತ್ತೆ ತೆರೆಯುವ ದಿನ ಯಾವುದು ಎಂಬುದು ಅದರಲ್ಲಿರಬೇಕು. ಅದರ ಪ್ರತಿಯನ್ನು ಶಾಲೆಯ ಸೂಚನಾ ಫಲಕಕ್ಕೆ ಹಚ್ಚಬೇಕು, ಓದು ಬಾರದ ಪೋಷಕರಿಗೆ ಮೊದಲ ಪಾಲಕರ ಸಭೆಯಲ್ಲಿ ಓದಿ ಹೇಳಬೇಕು.

– ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ