ಚಿಂತೆಯಿಂದ ಕ್ಯಾನ್ಸರ್ ಬಂತೆಂದು ದೂರಬೇಡಿ, ಚಿಂತೆಯನ್ನು ಕಡೆಗಣಿಸಲೂಬೇಡಿ

ಮಾನ್ಯ ಸಂಪಾದಕರೆ,

ಸ್ತನ ಕ್ಯಾನ್ಸರ್ ಆದ ಹೆಣ್ಣುಮಗಳನ್ನು ನೋಡಲು ಬಂದವರು ‘ಎಲ್ಲಾ ಮನಸ್ಸಿಗೆ ಹಚ್ಚಿಕೊಂಡೆ, ಅದಕ್ಕೇ ಹೀಗಾಯ್ತು’ ಎಂದುಬಿಡುತ್ತಾರೆ. ಆ ಮಾತಿಗೆ ಗಟ್ಟಿ ಆಧಾರವಿಲ್ಲ. ಬ್ರಿಟನ್ನಿನ 1 ಲಕ್ಷಕ್ಕೂ ಹೆಚ್ಚು ಮಹಿಳೆಯರ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒತ್ತಡಕ್ಕೂ ಈ ಕಾಯಿಲೆ ಬರುವುದಕ್ಕೂ ಖಚಿತ ನಂಟು ಕಾಣಲಿಲ್ಲ. ಕಾಯಿಲೆಯ ಜೊತೆಗೆ ತಪ್ಪಿತಸ್ಥ ಭಾವನೆಯನ್ನೂ ಅವಳ ತಲೆಗೆ ಕಟ್ಟುವುದು ಅನ್ಯಾಯ.

ಕಾಯಿಲೆ ಬಂದ ಮೇಲಿನ ಮಾತು ಬೇರೆ. ಒತ್ತಡಕ್ಕೆ ಸ್ಪಂದಿಸುವ ಕಾರ್ಟಿಸಾಲ್ ಹಾರ್ಮೋನು ಬೆಳಿಗ್ಗೆ ಎದ್ದ ಅರ್ಧ ಗಂಟೆಯ ಹೊತ್ತಿಗೆ ಏರಿ, ರಾತ್ರಿ ಇಳಿಯಬೇಕು. ಆತಂಕ, ನಿದ್ದೆಗೇಡು ತಿಂಗಳುಗಟ್ಟಲೆ ಮುಂದುವರಿದರೆ ಈ ಏರಿಳಿತ ಮಟ್ಟಸವಾಗಿಬಿಡಬಹುದು. ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ್ದವರಲ್ಲಿ ಹೀಗಾದವರು ಕಡಿಮೆ ಕಾಲ ಬದುಕಿದ್ದನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2000ದಲ್ಲಿ ವರದಿ ಮಾಡಿದರು. ಅದು ಒತ್ತಡದ ಫಲವೋ ಕಾಯಿಲೆಯದೇ ಫಲವೋ ಎಂಬುದು ಅಷ್ಟರಿಂದ ತೀರ್ಮಾನವಾಗದು. ಆಪ್ತಸಮಾಲೋಚನೆ ಆಯುಷ್ಯ ಹೆಚ್ಚಿಸುತ್ತದೆಂದು ಭರವಸೆ ಕೊಡುವುದೂ ತಪ್ಪು. 2001ರ ಕೆನಡಾದ ಅಧ್ಯಯನದಲ್ಲಿ ಗುಂಪು ಸಮಾಲೋಚನೆಯಿಂದ ಆಯುಷ್ಯ ಹೆಚ್ಚಲಿಲ್ಲ, ಸಂಕಟ ಮತ್ತು ನೋವು ಕಡಿಮೆಯಾದವು. ಅಷ್ಟೇ ಸಾಕಲ್ಲವೇ, ಅದನ್ನು ಎಲ್ಲರಿಗೂ ಕೊಡಲು?

ನಿದ್ದೆ ಬಾರದಿದ್ದರೆ ಮೊದಲು ಮಾತ್ರೆಗಳನ್ನು ನೋಡಿ. ವಾಂತಿ ತಡೆಯಲು ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಅನ್ನು ಸಂಜೆ ನುಂಗಿದರೆ ರಾತ್ರಿಯೆಲ್ಲ ಎಚ್ಚರ. ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಇನ್ನೊಂದು ಅಪಾಯ ಎರಡು ಫೈಲುಗಳ ನಡುವೆ ಅಡಗಿರುತ್ತದೆ. ಒಂದರಲ್ಲಿ ಕ್ಯಾನ್ಸರ್ ವೈದ್ಯರು ಬರೆದ, ಸ್ತನ ಕ್ಯಾನ್ಸರ್‌ಗೆ ಕೊಡುವ ಹಾರ್ಮೋನು ತಡೆ ಮಾತ್ರೆ ಟಮಾಕ್ಸಿಫೆನ್ 20 ಮಿ.ಗ್ರಾಂ, ಇನ್ನೊಂದರಲ್ಲಿ ಮನೋವೈದ್ಯರು ಬರೆದ ಖಿನ್ನತೆಯ ಮಾತ್ರೆ. ಟಮಾಕ್ಸಿಫೆನ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಯಕೃತ್ತಿನ ಒಂದು ಕಿಣ್ವ ಅದನ್ನು ಎಂಡಾಕ್ಸಿಫೆನ್ ಎಂಬ ಹೆಚ್ಚು ಪರಿಣಾಮಕಾರಿ ರೂಪಕ್ಕೆ ಮಾರ್ಪಡಿಸಬೇಕು. ಖಿನ್ನತೆಯ ಮಾತ್ರೆಗಳಾದ ಪ್ಯಾರಾಕ್ಸೆಟಿನ್, ಫ್ಲುವಾಕ್ಸೆಟಿನ್ ಆ ಕಿಣ್ವವನ್ನೇ ಬಲವಾಗಿ ತಡೆಯುತ್ತವೆ. ಅದೇ ಬಗೆಯ ವೆನ್ಲಾಫ್ಯಾಕ್ಸಿನ್ ಅಷ್ಟು ತಡೆಯುವುದಿಲ್ಲ, ಟಮಾಕ್ಸಿಫೆನ್‌ನಿಂದ ಆಗಾಗ ಮೈ ಕಾವೇರುವುದನ್ನೂ ತಗ್ಗಿಸುತ್ತದೆ. ಯಾವುದನ್ನೂ ತಾವಾಗಿ ನಿಲ್ಲಿಸಬೇಡಿ, ಎರಡೂ ಚೀಟಿಗಳನ್ನು ಇಬ್ಬರು ವೈದ್ಯರಿಗೂ ತೋರಿಸಿ.

ಕೀಮೋಗೆ ಬಂದವರ ಜ್ವರ, ಬಿಪಿ ನೋಡುವ ನರ್ಸ್, ‘ಕಳೆದ ವಾರದ ಸಂಕಟಕ್ಕೆ 0ಯಿಂದ 10ರೊಳಗೆ ಎಷ್ಟು ಕೊಡ್ತೀರಮ್ಮ?’ ಎಂದೂ ಕೇಳಿ ಅದೇ ಹಾಳೆಯಲ್ಲಿ ಬರೆಯಲಿ. 4 ಅಥವಾ ಹೆಚ್ಚಿದ್ದರೆ ಅಂದೇ ಸಮಾಲೋಚಕರ ಬಳಿ ಕಳುಹಿಸಬೇಕು. ಸಮಾಲೋಚಕರಿಲ್ಲದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆ ಪ್ರತಿ ಕೀಮೋ ವಾರ್ಡಿನ ಗೋಡೆಯ ಮೇಲಿರಲಿ.

– ಕ್ಯಾನ್ಸರ್ ಆರೈಕೆಯಲ್ಲಿರುವ ವೈದ್ಯರು ಮತ್ತು ಆಪ್ತಸಮಾಲೋಚಕರು, ಬೆಂಗಳೂರು