ಕಳಚಿದ ಟ್ಯೂಬ್‌ಲೈಟ್ ಎಲ್ಲಿಗೆ ಹೋಗಬೇಕು?

ಮಾನ್ಯರೇ,

ವೈರಿಂಗ್ ನನ್ನ ಕಸುಬು. ಈಗ ನಮಗೆ ಸಿಗುವ ಕೆಲಸದಲ್ಲಿ ಹೆಚ್ಚಿನದು ಹಳೆಯ ಟ್ಯೂಬ್‌ಲೈಟ್ ಕಳಚಿ ಎಲ್‌ಇಡಿ ಹಾಕುವುದು. ಶಾಲೆ, ಬ್ಯಾಂಕು, ಕಲ್ಯಾಣ ಮಂಟಪ, ಎಲ್ಲ ಕಡೆ ಇದೇ. ಕರೆಂಟ್ ಬಿಲ್ ಇಳಿಯಿತೆಂದು ಎಲ್ಲರಿಗೂ ಸಂತೋಷ. ಕಳಚಿದ್ದು ಏನಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಚೋಕನ್ನು ಗುಜರಿಯವನು ತಕ್ಕಡಿಗೆ ಹಾಕಿಕೊಳ್ಳುತ್ತಾನೆ, ಅದರಲ್ಲಿ ತಾಮ್ರವಿದೆ. ತಗಡಿನ ಪಟ್ಟಿಯನ್ನೂ ಬಿಡುವುದಿಲ್ಲ. ಗಾಜಿನ ಕೊಳವೆಗೆ ಮೂರು ಕಾಸಿನ ಬೆಲೆಯಿಲ್ಲ. ನಾಲ್ಕು ಅಡಿ ಉದ್ದದ ಅದು ಗೋಣಿಚೀಲಕ್ಕೆ ಹಿಡಿಸುವುದೂ ಇಲ್ಲ. ಹಾಗಾಗಿ ಕಾಂಪೌಂಡ್ ಗೋಡೆಗೆ ಬಡಿದು ಮುರಿಯುತ್ತಾರೆ. ಪಟಾಕಿಯಂತೆ ಸದ್ದು, ಅಂಗೈಗೆ ಬಿಳಿ ಪುಡಿ. ಕೆಲಸ ಕಲಿಯಲು ಬಂದ ಹುಡುಗರಿಗೆ ಅದೊಂದು ಆಟ. ಆ ಪುಡಿಯಲ್ಲೂ ಹೊರಬಿದ್ದ ಆವಿಯಲ್ಲೂ ಪಾದರಸವೆಂಬ ವಿಷವಿರುತ್ತದೆ.

ಒಂದು ಟ್ಯೂಬಿನಲ್ಲಿರುವುದು ಕೆಲವೇ ಮಿಲಿಗ್ರಾಂ, ನಿಜ. ಮನೆಯಲ್ಲಿ ಒಂದು ಸಿಎಫ್‌ಎಲ್ ಬಿದ್ದು ಒಡೆದರೆ ಗಾಬರಿ ಬೇಡ. ಫ್ಯಾನ್ ಆರಿಸಿ, ಕಿಟಕಿ ತೆರೆದು, ಎಲ್ಲರೂ ಹತ್ತು ಹದಿನೈದು ನಿಮಿಷ ಹೊರಗಿರಿ. ಪೊರಕೆ ಮುಟ್ಟದೆ ದಪ್ಪ ರಟ್ಟಿನಿಂದ ಚೂರುಗಳನ್ನು ಎತ್ತಿ, ಉಳಿದ ಪುಡಿಯನ್ನು ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಬಾಟಲಿಗೆ ಹಾಕಿ. ಆದರೆ ಇಡೀ ಕಲ್ಯಾಣ ಮಂಟಪದ ಟ್ಯೂಬುಗಳನ್ನು ಒಂದೇ ಮೂಲೆಯಲ್ಲಿ ಒಡೆದರೆ ಲೆಕ್ಕವೇ ಬೇರೆ. ಮರುದಿನ ಅದನ್ನು ಬಾಚುವವರು ಪೌರಕಾರ್ಮಿಕರು. ಕೈಗವಸು ಇದ್ದರೂ ಗಾಜು ಅದನ್ನು ಸೀಳುತ್ತದೆ. ಆವಿಯನ್ನಂತೂ ಅದು ತಡೆಯದು.

ನಿಯಮ ಇಲ್ಲವೆಂದಲ್ಲ. ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳು ಗೃಹಬಳಕೆಯ ಅಪಾಯಕಾರಿ ಕಸ, ಅವನ್ನು ಹಸಿ ಕಸ, ಒಣ ಕಸದಿಂದ ಬೇರೆ ಇಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಸಂಗ್ರಹ ಕೇಂದ್ರ ತೆರೆಯುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದ್ದವು. ನಮ್ಮೂರಿನ ಕಸದ ಆಟೊ ದಿನಾ ಬೆಳಗ್ಗೆ ಹಾಡು ಹಾಕಿಕೊಂಡು ಬರುತ್ತದೆ. ಹಸಿ, ಒಣ ಎನ್ನುತ್ತದೆ. ಮೂರನೆಯದರ ಸುದ್ದಿಯೇ ಇಲ್ಲ.

ಇಂಥ ಫ್ಲೋರೊಸೆಂಟ್ ಟ್ಯೂಬುಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಲು, ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿವೆ. ಭಾರತವೂ ಅದರಲ್ಲಿದೆ. ಅಂದರೆ ಚಾವಣಿಯಲ್ಲಿ ಉಳಿದಿರುವ ಟ್ಯೂಬುಗಳೆಲ್ಲ ಇನ್ನು ಕೆಲವೇ ವರ್ಷಗಳಲ್ಲಿ ಕೆಳಗಿಳಿಯುತ್ತವೆ. ಇಳಿಸುವವರು ನಾವೇ.

ನಾನು ನೋಡಿದ ಎಸ್ಟಿಮೇಟುಗಳಲ್ಲಿ ಸ್ಕ್ರೂ, ಕ್ಲಿಪ್ಪುಗಳಿಗೂ ಒಂದು ಸಾಲಿರುತ್ತದೆ. ಕಳಚಿದ ಟ್ಯೂಬಿನ ವಿಲೇವಾರಿಗೆ ಇಲ್ಲ. ಸರ್ಕಾರಿ ಕಟ್ಟಡಗಳ ಮಟ್ಟಿಗಾದರೂ ಆ ಸಾಲು ಸೇರಲಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆ ಘಟಕಕ್ಕೆ ಒಪ್ಪಿಸಿದ ರಸೀದಿ ಇಲ್ಲದೆ ಬಿಲ್ ಪಾಸಾಗದಿರಲಿ. ನಮ್ಮವರಿಗೆ ಪಾದರಸಕ್ಕಿಂತ ಬಿಲ್ಲಿನ ಭಯವೇ ಹೆಚ್ಚು.

ಮನೆಗಳಿಗೆ ಇಷ್ಟೂ ಬೇಕಿಲ್ಲ. ಹೊಸ ಎಲ್‌ಇಡಿ ಟ್ಯೂಬ್ ಬಂದ ರಟ್ಟಿನ ಕವಚಕ್ಕೇ ಹಳೆಯದನ್ನು ತೂರಿಸಿ ಇಟ್ಟರಾಯಿತು. ಒಣ ಕಸದ ಕೇಂದ್ರದಲ್ಲಿ ಉದ್ದನೆಯ ಮರದ ಪೆಟ್ಟಿಗೆಯೊಂದನ್ನಿಟ್ಟು, ಯಾವ ದಿನ ತರಬೇಕೆಂದು ನಗರಸಭೆಯವರು ಆಟೊದ ಧ್ವನಿವರ್ಧಕದಲ್ಲಿ ಹೇಳಿಸಲಿ. ತಂದು ಒಪ್ಪಿಸಲು ನಾವು ವೈರ್‌ಮನ್‌ಗಳು ಸಿದ್ಧರಿದ್ದೇವೆ.

— ಒಬ್ಬ ವಿದ್ಯುತ್ ಗುತ್ತಿಗೆದಾರ, ತುಮಕೂರು ಜಿಲ್ಲೆ