ಆರು ತಿಂಗಳ ಗುಳಿಗೆ ಮುಗಿದವು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಕಳೆದ ಸೋಮವಾರ ನನ್ನ ಟಿಬಿ ಚಿಕಿತ್ಸೆ ಮುಗಿಯಿತು. ಕಫದ ಪರೀಕ್ಷೆ ನೆಗೆಟಿವ್ ಬಂತು. ತೂಕ 43 ಕೆಜಿಯಿಂದ 49ಕ್ಕೆ ಏರಿದೆ. ಸರ್ಕಾರಿ ಆಸ್ಪತ್ರೆಯ ಟಿಬಿ ವಿಭಾಗದ ಅಕ್ಕಾರು ಕಾರ್ಡಿನಲ್ಲಿ ಕೊನೆಯ ಗುರುತು ಹಾಕಿ, "ಇನ್ನ ಈ ಕಡೆ ಹಾಯಬ್ಯಾಡ ನೋಡವಾ" ಅಂದರು. ಯಾವ ಆಫೀಸಿನಲ್ಲೂ ನನಗೆ ಇಂಥ ಬೀಳ್ಕೊಡುಗೆ ಸಿಕ್ಕಿರಲಿಲ್ಲ.

ಇದು ಇಷ್ಟು ದಿನ ಮನೆಯವರಿಗೆ, ನಾಲ್ಕೈದು ಗೆಳೆಯರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ "ಆರಾಮಿಲ್ಲ, ಊರಲ್ಲಿದ್ದೇನೆ" ಅಂತಷ್ಟೇ ಹೇಳಿದ್ದೆ. ಈಗ ಬಾಯಿಬಿಟ್ಟು ಹೇಳ್ತಿದ್ದೇನೆ. ಯಾಕಂದ್ರೆ ಥ್ಯಾಂಕ್ಸ್ ಹೇಳಬೇಕಾದವರು ಬಹಳ ಜನ ಇದ್ದಾರೆ, ಯಾವುದಕ್ಕೆ ಅಂತ ಹೇಳದೆ ಸುಮ್ನೆ ಥ್ಯಾಂಕ್ಸ್ ಹೇಳಿದರೆ ಅದಕ್ಕೇನು ಅರ್ಥ, ಅಲ್ವಾ?

ಬೆಂಗಳೂರಿನಲ್ಲಿ ನನ್ನ ಕೆಲಸ ನಿಮಿಷ ಎಣಿಸೋದು. ಹತ್ತು ನಿಮಿಷದಲ್ಲಿ ಸಾಮಾನು ಮನೆ ಬಾಗಿಲಿಗೆ ಮುಟ್ಟಿಸುವ ಆ್ಯಪ್‌ಗಳಿವೆಯಲ್ಲ, ಅಂಥದ್ದೊಂದು ಕಂಪನಿಯಲ್ಲಿ ಆಪರೇಷನ್ಸ್. ಯಾವ ಏರಿಯಾದಲ್ಲಿ ಆರ್ಡರ್ ತಡವಾಗ್ತಿದೆ, ಯಾವ ಗೋದಾಮಿನಲ್ಲಿ ಪ್ಯಾಕಿಂಗ್ ಹಿಂದೆ ಬಿದ್ದಿದೆ ಅಂತ ದಿನವಿಡೀ ಸ್ಕ್ರೀನ್ ನೋಡ್ತಾ ಕೂರಬೇಕು. ಯಾರದೋ ಮನೆಗೆ ಕೊತ್ತಂಬರಿ ಸೊಪ್ಪು ಹದಿನಾಲ್ಕನೇ ನಿಮಿಷಕ್ಕೆ ಮುಟ್ಟಿದರೆ ಯಾಕೆ ಅಂತ ಬರೆದು ಕೊಡಬೇಕು. ಸುಳ್ಳು ಯಾಕೆ ಹೇಳಲಿ, ಆ ಕೆಲಸ ನನಗೆ ಇಷ್ಟವೇ ಇತ್ತು, ಚೆನ್ನಾಗಿಯೂ ಮಾಡ್ತಿದ್ದೆ. ಆದರೆ ಆ ನಿಮಿಷದ ಲೆಕ್ಕ ಆಫೀಸಿನಲ್ಲೇ ಉಳಿಯಲಿಲ್ಲ, ನನ್ನ ಜೊತೆ ಮನೆಗೂ ಬಂತು. ಅವ್ವ ಫೋನ್ ಮಾಡಿದರೆ "ಲಗೂ ಹೇಳು, ಮೀಟಿಂಗ್ ಇದೆ" ಅಂತಿದ್ದೆ, ಸಿನಿಮಾ ನೋಡಿದರೆ ಒಂದೂವರೆ ಪಟ್ಟು ಸ್ಪೀಡು, ಊಟ ಬಹುತೇಕ ನಿಂತುಕೊಂಡೇ.

ಮಳೆಗಾಲ ಶುರುವಾಗುವ ಹೊತ್ತಿಗೆ ಕೆಮ್ಮು ಬಂತು. ಎರಡು ವಾರ ದಾಟಿದರೂ ಬಿಡಲಿಲ್ಲ, ಜೊತೆಗೆ ಸಂಜೆ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು. ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದವಳು ಪಿಜಿಯ ರೂಮ್‌ಮೇಟ್. ಕಫದಲ್ಲಿ ಟಿಬಿ ಇದೆಯೋ ಇಲ್ಲವೋ, ಇದ್ದರೆ ರಿಫಾಂಪಿಸಿನ್ ಅನ್ನೋ ಮುಖ್ಯ ಔಷಧ ಅದಕ್ಕೆ ನಾಟುತ್ತೋ ಇಲ್ಲವೋ ಅಂತ ಈಗಿನ ಮಷೀನು ಕೆಲವೇ ಗಂಟೆಯಲ್ಲಿ ಹೇಳಿಬಿಡುತ್ತೆ. ನನಗೆ ಬೇಗ ಸಿಕ್ಕ ಕೊನೆಯ ಉತ್ತರ ಅದು. ಅಲ್ಲಿಂದ ಮುಂದೆ ಎಲ್ಲವೂ ತಿಂಗಳ ಲೆಕ್ಕ.

ಹಾಗಾಗಿ ಮೊದಲ ಥ್ಯಾಂಕ್ಸ್ ಅವಳಿಗೇ. ಪಿಜಿಯವರಿಗೆ ವಿಷಯ ಗೊತ್ತಾಗಿದ್ದೇ ತಡ, ಆ ರಾತ್ರಿಯೇ ರೂಮು ಖಾಲಿ ಮಾಡಿ ಅಂದರು. ಇವಳು ಅಡುಗೆಮನೆ ಬಾಗಿಲಲ್ಲಿ ನಿಂತು, "ಆಯ್ತು ಸಾರ್, ಇಬ್ಬರೂ ಹೋಗ್ತೀವಿ, ಇಬ್ಬರ ಅಡ್ವಾನ್ಸೂ ಈಗಲೇ ಎಣಿಸಿ" ಅಂದಳು. ಅಡ್ವಾನ್ಸ್ ಅಂದ ತಕ್ಷಣ ಅವರಿಗೆ ರೋಗದ ಭಯ ಸ್ವಲ್ಪ ಕಡಿಮೆಯಾಯಿತು, ನನಗೆ ಎರಡು ದಿನ ಸಿಕ್ಕಿತು. ಆಮೇಲೆ ಅವಳೂ ಪರೀಕ್ಷೆ ಮಾಡಿಸಿಕೊಂಡಳು. ಏನೂ ಇರಲಿಲ್ಲ. ನನ್ನ ದೆಸೆಯಿಂದ ಟಿಬಿ ಬರದ ಹಾಗೆ ಕೊಡುವ ಗುಳಿಗೆ ಮಾತ್ರ ನುಂಗಬೇಕಾಯಿತು. ಒಂದು ದಿನವೂ ಅದನ್ನು ನನ್ನ ಮುಂದೆ ಎತ್ತಿ ಆಡಲಿಲ್ಲ.

ಧಾರವಾಡದ ನಮ್ಮ ಮನೆಗೆ ಹೋಗುವ ಹಾಗಿರಲಿಲ್ಲ. ಅಲ್ಲಿ ತಂಗಿ ಬಾಣಂತಿ, ಹಸಿ ಕೂಸು ಇತ್ತು. ಅವ್ವ ಏನು ಮಾಡೋದು ಅಂತ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ದೊಡ್ಡವ್ವ ಫೋನ್ ಮಾಡಿದಳು. "ಇಲ್ಲೇ ಬಾ. ಪಡಸಾಲಿ ಬಾಜೂಕಿನ ಖೋಲಿ ಖಾಲಿ ಅದ, ಎರಡೂ ಕಡೆ ಕಿಡಕಿ ಅದಾವು." ಅಷ್ಟೇ ಮಾತು. ಎಪ್ಪತ್ತು ದಾಟಿದ ಹೆಂಗಸು, ಒಬ್ಬಳೇ ಇರುವವಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಪ್ರಶ್ನೆಗಳನ್ನೆಲ್ಲ ಆಕೆ ಆಸ್ಪತ್ರೆಯ ಅಕ್ಕಾರಿಗೆ ಇಟ್ಟುಕೊಂಡಿದ್ದಳು. ತಾಟು, ವಾಟೆ ಬೇರೆ ಇಡಬೇಕೇನು? ಹಾಸಿಗೆ ಬಿಸಿಲಿಗೆ ಹಾಕಬೇಕೇನು? ಅಕ್ಕಾರು ತಾಳ್ಮೆಯಿಂದ ಹೇಳಿದರು: ಟಿಬಿ ಹಬ್ಬೋದು ಕೆಮ್ಮಿದಾಗ ಗಾಳಿಯಲ್ಲಿ, ತಾಟಿನಿಂದ ಅಲ್ಲ, ಬಟ್ಟೆಯಿಂದ ಅಲ್ಲ. ಶುರುವಿನ ಕೆಲವು ವಾರ ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆದಿಟ್ಟು, ಗುಳಿಗೆ ಒಂದು ದಿನವೂ ತಪ್ಪಿಸದೆ ನುಂಗಿದರೆ ಸಾಕು. ದೊಡ್ಡವ್ವ ಇದನ್ನು ಕೇಳಿಕೊಂಡು ಬಂದು ಇಡೀ ಓಣಿಗೆ ಪಾಠ ಮಾಡಿದಳು. ಸೆರಗು ಮೂಗಿಗೆ ಹಿಡಿದುಕೊಂಡು ಹೋಗುತ್ತಿದ್ದ ಎದುರು ಮನೆಯ ವೈನಿ ಆಮೇಲೆ ನನಗೆ ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಕುಟ್ಟಿ ತಂದುಕೊಟ್ಟರು. ವೈನಿ, ಆ ಹಿಂಡಿ ಇಲ್ಲದಿದ್ದರೆ ನಾನು ಅಷ್ಟು ರೊಟ್ಟಿ ತಿಂತಿರಲಿಲ್ಲ, ನಿಮಗೂ ಥ್ಯಾಂಕ್ಸ್.

ಮೊದಲ ಎರಡು ತಿಂಗಳು ನಾಲ್ಕು ಔಷಧ. ನಾಲ್ಕೂ ಒಂದೇ ಗುಳಿಗೆಯಲ್ಲಿ ಇರುತ್ತವೆ, ತೂಕ ನೋಡಿ ಎಷ್ಟು ಗುಳಿಗೆ ಅಂತ ಹೇಳ್ತಾರೆ, ನನ್ನ ತೂಕಕ್ಕೆ ದಿನಕ್ಕೆ ಮೂರು. ಆಮೇಲಿನ ನಾಲ್ಕು ತಿಂಗಳು ಅದರಲ್ಲಿ ಒಂದು ಔಷಧ ಬಿಟ್ಟು ಉಳಿದ ಮೂರು. ಎಲ್ಲ ಪುಕ್ಕಟೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಗಾಬರಿಯಾಗಬೇಡ ಅಂತ ಮೊದಲೇ ಹೇಳಿದ್ದರು, ಆದರೂ ಗಾಬರಿಯಾಯಿತು. ಕೀಲುಗಳಲ್ಲಿ ನೋವು, ಬಾಯಿಗೆ ರುಚಿ ಇಲ್ಲ, ಮೈಯಲ್ಲಿ ತ್ರಾಣವೇ ಇಲ್ಲ. ಖೋಲಿಯಿಂದ ಹಿತ್ತಲ ಬಚ್ಚಲಿಗೆ ಹೋಗಿ ಬರೋಷ್ಟರಲ್ಲಿ ನಮ್ಮ ಕಂಪನಿಯ ಹುಡುಗರು ಒಂದು ಆರ್ಡರ್ ಮುಟ್ಟಿಸಿ ಇನ್ನೊಂದಕ್ಕೆ ಹೊರಟಿರ್ತಿದ್ದರು!

ಆ ದಿನಗಳಲ್ಲಿ ನನಗೆ ಸಿಟ್ಟೇ ಜಾಸ್ತಿ. ಹಾಸಿಗೆಯಲ್ಲೇ ಫೋನಿನಲ್ಲಿ ಆಫೀಸಿನ ಗ್ರೂಪ್ ನೋಡ್ತಾ ಇರ್ತಿದ್ದೆ, ನಾನಿಲ್ಲದೆ ಎಲ್ಲ ನಡೀತಿದೆಯಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ನನ್ನ ಮ್ಯಾನೇಜರ್ ಅದನ್ನು ಗಮನಿಸಿ ನನ್ನನ್ನು ಗ್ರೂಪಿನಿಂದ ತೆಗೆದು ಹಾಕಿ, "ನಿಮ್ಮ ಸೀಟು ಎಲ್ಲೂ ಹೋಗಲ್ಲ, ಮಲಗಿ" ಅಂತ ಒಂದೇ ಮೆಸೇಜ್ ಕಳಿಸಿದರು. ಅವತ್ತು ಅವರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದಿದ್ದೆ. ಈಗ ಥ್ಯಾಂಕ್ಸ್, ಸರ್.

ದೊಡ್ಡವ್ವನ ವಿಷಯಕ್ಕೆ ಬರ್ತೀನಿ. ಆ ನಾಲ್ಕು ಔಷಧಗಳಲ್ಲಿ ಎಥಾಂಬುಟಾಲ್ ಅಂತ ಒಂದಿದೆ, ಅಪರೂಪಕ್ಕೆ ಅದು ಕಣ್ಣಿನ ನರಕ್ಕೆ ತೊಂದರೆ ಕೊಡಬಹುದು. ಕೆಂಪು-ಹಸಿರಿನಲ್ಲಿ ಫರಕು ಗೊತ್ತಾಗದಿದ್ದರೆ, ಕಣ್ಣು ಮಂಜಾದರೆ ತಡ ಮಾಡದೆ ಬಂದು ಹೇಳಬೇಕು ಅಂತ ಡಾಕ್ಟರು ಎಚ್ಚರಿಸಿದ್ದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬೆಳಿಗ್ಗೆ ಎದ್ದರೆ ಕ್ಯಾಲೆಂಡರಿನ ಕೆಂಪು ಅಂಕಿ ನೋಡೋದು, ಕಿಟಕಿಯಾಚೆ ಕರಿಬೇವು ನೋಡೋದು. ದೊಡ್ಡವ್ವ ಎರಡು ದಿನ ಸುಮ್ನೆ ಗಮನಿಸಿ, ಮೂರನೇ ದಿನ ತನ್ನ ಕಸೂತಿಯ ದಾರದ ಡಬ್ಬಿ ತಂದು ಹಾಸಿಗೆ ಮೇಲೆ ಸುರುವಿದಳು. "ಅದರಾಗೇನ ನೋಡ್ತಿ, ಇದರಾಗ ನೋಡು. ಗಿಳಿ ಹಸರ ಯಾವುದು? ಎಲಿ ಹಸರ ಯಾವುದು? ಕುಂಕುಮ ತಗಿ. ಈಗ ದಾಳಿಂಬರಿ ತಗಿ."

ಹೀಗೆ ದಿನಾ ಬೆಳಿಗ್ಗೆ ಗುಳಿಗೆ ಆದಮೇಲೆ ದಾರದ ಪರೀಕ್ಷೆ. ದೇವರ ದಯೆ, ಕಣ್ಣಿಗೆ ಏನೂ ಆಗಲಿಲ್ಲ. ಆದರೆ ಕೆಂಪಿನಲ್ಲಿ ಅಷ್ಟು ಬಗೆ ಇವೆ ಅಂತ ನನಗೆ ಗೊತ್ತಾಗಿದ್ದೇ ಆಗ. ಒಂದು ದಿನ ದಾರ ಆರಿಸಿ ಮುಗಿಸಿದ್ದೆ, ದೊಡ್ಡವ್ವ ಸೂಜಿ ಮುಂದೆ ಹಿಡಿದು, "ನೋಡೂದಾತು. ಇನ್ನ ಪೋಣಸು" ಅಂದಳು.

ಕಸೂತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಬಟ್ಟೆ ಮೇಲೆ ಪೆನ್ಸಿಲ್‌ನಿಂದ ಗೀಚಿಕೊಳ್ಳೋ ಹಾಗಿಲ್ಲ, ಅಚ್ಚು ಹಾಕೋ ಹಾಗಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕೋದಂತೂ ಇಲ್ಲವೇ ಇಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕು ಬಗೆಯ ಹೊಲಿಗೆ. ಕಲಿಯುವವರು ಮ್ಯಾಟಿ ಬಟ್ಟೆ ಮೇಲೆ ಗವಂತಿಯಿಂದ ಶುರು ಮಾಡ್ತಾರೆ, ಅದರ ಎಳೆ ದಪ್ಪ, ಕಣ್ಣಿಗೆ ಕಾಣುತ್ತೆ. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡಬೇಕು, ಮತ್ತೊಂದು ಹಾಕಿ ಮತ್ತೊಂದು ಬಿಡಬೇಕು. ಹಾಕ್ತಿರೋ ಚಿತ್ರ ಗೋಪುರ ಅಂದುಕೊಳ್ಳಿ, ಕೊನೆ ಮುಟ್ಟಿದಾಗ ಅದು ಅರ್ಧವಷ್ಟೇ ಕಾಣುತ್ತೆ, ಚುಕ್ಕಿ ಚುಕ್ಕಿಯಾಗಿ. ಅದೇ ದಾರಿಯಲ್ಲಿ ತಿರುಗಿ ಬರುತ್ತಾ ಬಿಟ್ಟ ಜಾಗ ತುಂಬಬೇಕು. ಎಲ್ಲಿ ಕವಲೊಡೆಯಬೇಕು, ಎಲ್ಲಿಂದ ವಾಪಸ್ ಬರಬೇಕು ಅಂತ ಮೊದಲೇ ಲೆಕ್ಕ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ನಡುವೆ ಸಿಕ್ಕಿಕೊಂಡ ಹಾಗೆ. ಸರಿಯಾಗಿ ಬಂದರೆ ಬಟ್ಟೆಯ ಮೇಲುಬದಿ ಯಾವುದು, ಒಳಬದಿ ಯಾವುದು ಗೊತ್ತೇ ಆಗಲ್ಲ. ದೊಡ್ಡವ್ವ ಯಾರ ಕೈಕೆಲಸ ಕೊಟ್ಟರೂ ಮೊದಲು ತಿರುಗಿಸಿ ಹಿಂಬದಿ ನೋಡ್ತಾಳೆ, ಮುಂದಿನ ಬದಿ ನೋಡೋದು ಆಮೇಲೆ.

(ಇದರಲ್ಲಿ ಜೀವನದ ಪಾಠ ಹುಡುಕೋಕೆ ಹೋಗಬೇಡಿ. ನಾನು ಹುಡುಕಿ ಆಕೆಗೆ ಹೇಳಿದ್ದೆ. "ಎಳಿ ಎಣಸು" ಅಂದಳು.)

ಅಡ್ಡಕ್ಕೆ ನಾಲ್ಕು ಎಳೆ, ಉದ್ದಕ್ಕೆ ನಾಲ್ಕು ಎಳೆ, ಮೂಲೆಗೆ ನಾಲ್ಕು ಎಳೆ. ಮಧ್ಯಾಹ್ನವೆಲ್ಲ ಕೂತರೆ ಬೆರಳುದ್ದ ಆಗುತ್ತಿತ್ತು. ಆಯಾಸವಾದರೆ ಸೂಜಿ ಚುಚ್ಚಿಟ್ಟು ಮಲಗೋದು. ಬೇಗ ಮಾಡು ಅನ್ನೋರಿಲ್ಲ, ಮಾಡಿದರೆ ಕೊಳ್ಳೋರೂ ಇಲ್ಲ. ಸಣ್ಣವಳಿದ್ದಾಗ ನಾನು ಚುಕ್ಕಿ ರಂಗೋಲಿಗೆ ಹುಚ್ಚಿ, ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಚುಕ್ಕಿ ಎಣಿಸಿಡುತ್ತಿದ್ದೆ. ಎಣಿಸೋದು ನನ್ನ ಹುಟ್ಟುಗುಣವೇ ಇರಬೇಕು, ಅದನ್ನೇ ಬೆಂಗಳೂರಿನಲ್ಲಿ ಸಂಬಳಕ್ಕೆ ಮಾಡ್ತಿದ್ದೆ. ಆದರೆ ಎಣಿಸುತ್ತಾ ಖುಷಿಯಾಗಿರೋದು ಅಂತ ಒಂದಿದೆಯಲ್ಲ, ಅದು ಮರೆತೇ ಹೋಗಿತ್ತು. ಒಂದು ದಿನ ತೇರಿನ ಗಾಲಿ ತುಂಬುತ್ತಾ ನಾನು ಏನೋ ಗುನುಗುತ್ತಿದ್ದೆನಂತೆ. ದೊಡ್ಡವ್ವ ಏನೂ ಅನ್ನಲಿಲ್ಲ, ಸಂಜೆ ಅವ್ವನಿಗೆ ಫೋನ್ ಮಾಡಿ, "ನಿನ್ನ ಮಗಳು ಹಾಡಾಕ ಹತ್ಯಾಳ" ಅಂತ ಹೇಳಿದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು.

ಧಾರವಾಡ ಆಕಾಶವಾಣಿಗೂ ಒಂದು ಥ್ಯಾಂಕ್ಸ್ ಇದೆ. 1950ರಲ್ಲಿ ಶುರುವಾದ ನಿಲಯ, ದೊಡ್ಡವ್ವನಿಗಿಂತ ಸ್ವಲ್ಪ ದೊಡ್ಡದು, ಹಾಗಂತ ಆಕೆ ಅದನ್ನು ಅಕ್ಕನ ಥರ ನೋಡ್ತಾಳೆ, ಬಂದ್ ಮಾಡೋಕೆ ಬಿಡಲ್ಲ. ನಾನು ಈ ಊರಲ್ಲೇ ಹುಟ್ಟಿದವಳು. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಹೆಸರು ಗೊತ್ತು, ಅವರ ಹೆಸರಿನ ಪ್ರಶ್ನೆಗೆ ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೇನೆ. ಆದರೆ ಅವರ ಒಂದು ವಿಲಂಬಿತ ಖಯಾಲನ್ನು, ಅಂದ್ರೆ ತೀರಾ ನಿಧಾನ ಲಯದ ಹಾಡನ್ನು, ಪೂರ್ತಿ ಕೂತು ಕೇಳಿದ್ದು ಈ ಮಳೆಗಾಲದಲ್ಲೇ. ಮೊದಲಿಗೆ ಏನು ಇವರು ಮುಂದೆ ಹೋಗ್ತಾನೇ ಇಲ್ಲವಲ್ಲ ಅನ್ನಿಸುತ್ತೆ. ಒಂದು ಸ್ವರದ ಮೇಲೆ ನಿಂತು, ಅದನ್ನು ಎಲ್ಲ ಕಡೆಯಿಂದ ನೋಡಿ, ಆಮೇಲೆ ಮುಂದಿನದಕ್ಕೆ ಕಾಲಿಡ್ತಾರೆ. ತಬಲಾದ ಸಮ್, ಅಂದ್ರೆ ತಾಳದ ಮೊದಲ ಪೆಟ್ಟು, ಬರೋದನ್ನು ಕಾಯೋದಿದೆಯಲ್ಲ, ಅದರಲ್ಲೇ ಮಜಾ ಇದೆ ಅಂತ ಸುಮಾರು ದಿನ ಕೇಳಿದ ಮೇಲೆ ಗೊತ್ತಾಯಿತು. ಇದನ್ನು ಒಂದೂವರೆ ಪಟ್ಟು ಸ್ಪೀಡಿನಲ್ಲಿ ಕೇಳೋಕೆ ಬರಲ್ಲ, ಪ್ರಯತ್ನ ಮಾಡಿ ನೋಡಿದ್ದೇನೆ.

ಅವ್ವನ ಜೊತೆ ಈಗ ಫೋನಿನಲ್ಲಿ ಗಂಟೆಗಟ್ಟಲೆ ಮಾತು. ನಮ್ಮವ್ವ ಇಷ್ಟು ನಗಿಸ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಆಕೆಯ ಕಥೆಗಳಿಗೆ ಪೀಠಿಕೆ ಉದ್ದ, ಯಾರ ಮದುವೆ, ಯಾವ ಬಸ್ಸು, ಬಸ್ಸಿನಲ್ಲಿ ಯಾರು ಸಿಕ್ಕರು, ಅವರ ಸೊಸೆ ಯಾವ ಊರಿನವಳು, ಇಷ್ಟೆಲ್ಲ ಆದಮೇಲೆ ಅಸಲು ವಿಷಯ. ಮೊದಲು ನಾನು ಬಸ್ಸು ಹತ್ತೋಕೂ ಬಿಡ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತು ಹೇಳದೆ ಇರೋಕಾಗಲ್ಲ. "ನಿಧಾನವಾಗಿ ಬದುಕಿ, ಎಲ್ಲ ಸರಿಹೋಗುತ್ತೆ" ಅಂತ ವಿಡಿಯೋ ಮಾಡೋರನ್ನು ಕಂಡರೆ ನನಗೆ ಈಗಲೂ ರೇಗುತ್ತೆ. ಗುಳಿಗೆ ತರೋಕೆ ಹೋದಾಗ ಪಾಳಿಯಲ್ಲಿ ಎಪಿಎಂಸಿಯ ಹಮಾಲರೊಬ್ಬರು ಸಿಗ್ತಿದ್ದರು. ನನಗೂ ಅವರಿಗೂ ಒಂದೇ ರೋಗ, ಒಂದೇ ಗುಳಿಗೆ. ಮೈಯಲ್ಲಿ ಸ್ವಲ್ಪ ತ್ರಾಣ ಬಂದ ಕೂಡಲೇ ಅವರು ಮತ್ತೆ ಚೀಲ ಹೊರೋಕೆ ಹೋದರು, ಯಾಕಂದ್ರೆ ಅವರು ಕೂತರೆ ಮನೆಯಲ್ಲಿ ಒಲೆ ಉರಿಯಲ್ಲ. ನಾನು ಕಿಟಕಿ ಪಕ್ಕ ಕೂತು ಗೋಪುರ ತುಂಬೋಕೆ ಆಗಿದ್ದು ನಾನು ಜಾಣೆ ಅಂತಲ್ಲ. ರಜೆಗೆ ಅರ್ಧ ಸಂಬಳ ಬರ್ತಿತ್ತು, ದೊಡ್ಡವ್ವ ಬಾಡಿಗೆ ಕೇಳಲಿಲ್ಲ, ಔಷಧ ಸರ್ಕಾರದ್ದು, ಟಿಬಿ ಆದವರ ಊಟಕ್ಕೆ ಅಂತ ಸರ್ಕಾರ ಕೊಡುವ ನಿಕ್ಷಯ ಪೋಷಣ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಲೆಕ್ಕದಲ್ಲಿ ದುಡ್ಡು ಖಾತೆಗೆ ಬೀಳ್ತಿತ್ತು, ಅದು ಮೊಟ್ಟೆಗೆ ಸಾಲುತ್ತಿತ್ತು. ನನ್ನ ನಿಧಾನದ ಖರ್ಚು ಇಷ್ಟು ಜನ ಹೊತ್ತಿದ್ದಾರೆ. ಈ ಬರಹ ಬರೀತಿರೋದೂ ಅದಕ್ಕೇ. ಆ ಹಮಾಲ ಕಾಕಾನೇ ಪಾಳಿಯಲ್ಲಿ ತಮಗಿಂತ ಮುಂದೆ ನನ್ನನ್ನು ಬಿಟ್ಟು, "ನೀ ಕೂಡವಾ, ನಿಂದರಬ್ಯಾಡ" ಅಂತ ತಮ್ಮ ಜಾಗ ಕೊಡ್ತಿದ್ದರು. ಕಾಕಾ ಇದನ್ನು ಓದಲಿಕ್ಕಿಲ್ಲ, ಆದರೂ.

ಮನೆಗೆ ಬಂದು ಗುಳಿಗೆಯ ಖಾಲಿ ಪಟ್ಟಿ ಎಣಿಸಿ ಹೋಗುತ್ತಿದ್ದ ಆಶಾ ಅಕ್ಕ, ವಾರಕ್ಕೊಮ್ಮೆ ಕಟ್ಟೆಯ ಮೇಲೆ ಕೂತು ಕಿಟಕಿಯೊಳಗಿದ್ದ ನನ್ನ ಜೊತೆ ಹರಟೆ ಹೊಡೆದು ಹೋಗುತ್ತಿದ್ದ ಕೆಸಿಡಿಯ (ಕರ್ನಾಟಕ ಕಾಲೇಜಿನ) ಗೆಳೆಯರು, ಬರುವಾಗ ಲೈನ್ ಬಜಾರಿನಿಂದ ಫೇಡೆ ತಂದು ಅರ್ಧ ತಾವೇ ತಿಂದು ಮುಗಿಸುತ್ತಿದ್ದ ಅಪ್ಪ, ಎಲ್ಲರಿಗೂ ಥ್ಯಾಂಕ್ಸ್. ಅಂದ ಹಾಗೆ, ನಿಮ್ಮಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ದಯವಿಟ್ಟು ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ತಗೊಳ್ಳಲ್ಲ.

ಮುಂದಿನ ತಿಂಗಳು ಬೆಂಗಳೂರಿಗೆ ವಾಪಸ್ ಹೋಗ್ತಿದ್ದೇನೆ, ಅದೇ ಕಂಪನಿಗೆ. ನಿಮಿಷ ನೋಡುವ ಸ್ಕ್ರೀನ್ ಬಿಟ್ಟು ಬೇರೆ ತಂಡ ಕೇಳಿದ್ದೆ, ಕೊಟ್ಟಿದ್ದಾರೆ. ಕಸೂತಿ ಕೈಯಲ್ಲಿ ಇನ್ನೂ ಗವಂತಿ, ಮುರಗಿ ಎರಡೇ ಬಂದಿವೆ, ನೇಗಿಗೆ ಕೈ ಹಾಕೋದು ಯುಗಾದಿಗೆ ಬಂದಾಗ ಅಂತ ದೊಡ್ಡವ್ವ ಹೇಳಿದ್ದಾಳೆ. ಫೋಟೋ ನೋಡಿ ಆಫೀಸಿನ ಗೆಳೆಯರು ಆಗಲೇ ಕರ್ಚೀಫು, ದಿಂಬಿನ ಕವರು ಅಂತ ಕೇಳೋಕೆ ಶುರು ಮಾಡಿದ್ದಾರೆ. ಎಲ್ಲರಿಗೂ ಮಾಡಿಕೊಡ್ತೀನಿ, ಆದರೆ ಡೆಲಿವರಿ ಎಷ್ಟು ಹೊತ್ತಿಗೆ ಅಂತ ಮಾತ್ರ ಯಾರೂ ಕೇಳಬಾರದು.